ರೀಲ್ ಮುಗಿಸಲು ತೆಗೆದ ಫೋಟೋಗಳು

36 ಫೋಟೋದ ರೀಲ್ ಹಾಕಿದರೆ ನಾಮಕರಣ 31ಕ್ಕೇ ಮುಗಿದುಹೋಗುತ್ತಿತ್ತು. ಉಳಿದ ಐದನ್ನು ಏನು ಮಾಡುವುದು? ಪೂರ್ತಿಯಾಗದ ರೀಲನ್ನು ತೊಳೆಯಲು ಕೊಟ್ಟರೆ ದುಡ್ಡು ದಂಡ. ಹಾಗಂತ ಮುಂದಿನ ಹಬ್ಬದವರೆಗೆ ಕಾಯುವಂತೆಯೂ ಇಲ್ಲ, ಮಗುವಿನ ಕಡೆಯವರು "ಫೋಟೋ ಬಂತಾ, ಫೋಟೋ ಬಂತಾ" ಅಂತ ಕೇಳುತ್ತಲೇ ಇರುತ್ತಾರೆ. ಆಗ ನಮ್ಮ ಚಿಕ್ಕಪ್ಪ ಮನೆ ಮುಂದೆ ನಿಂತು ಕಣ್ಣಿಗೆ ಬಿದ್ದದ್ದನ್ನೆಲ್ಲ ತೆಗೆದು ರೀಲ್ ಮುಗಿಸುತ್ತಿದ್ದರು. ಗೇಟು. ಸ್ಕೂಟರು. ಒಗೆದು ಹರವಿದ ಬಟ್ಟೆ. ಬೀದಿ ನಲ್ಲಿಯ ಮುಂದೆ ಸಾಲಾಗಿ ಇಟ್ಟ ಬಿಂದಿಗೆಗಳು.

ಇವು ಯಾವುವೂ ಆಲ್ಬಂ ಸೇರಲಿಲ್ಲ. "ಜನ ಇರೋದನ್ನ ಮಾತ್ರ ಪ್ರಿಂಟ್ ಹಾಕಿ" ಅಂತ ಲ್ಯಾಬಿನಲ್ಲಿ ಹೇಳಿಬಿಡುತ್ತಿದ್ದರಂತೆ. ಒಂದೊಂದು ಪ್ರಿಂಟಿಗೂ ಕಾಸು ಬೀಳುತ್ತಿದ್ದ ಕಾಲ. ಗೇಟಿನ ಫೋಟೋಗೆ ಯಾರು ದುಡ್ಡು ಕೊಡುತ್ತಾರೆ?

ಚಿಕ್ಕಪ್ಪ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವರು. ಮನೆ ಜಾಲಹಳ್ಳಿ ಕಡೆ. ಕೈಯಲ್ಲಿ ಒಂದು ಯಾಶಿಕಾ ಕ್ಯಾಮೆರಾ. ನಮ್ಮ ಕುಟುಂಬದ ಮದುವೆ, ಮುಂಜಿ, ಗೃಹಪ್ರವೇಶ ಎಲ್ಲದಕ್ಕೂ ಅವರೇ ಫೋಟೋಗ್ರಾಫರ್. ನೆಗೆಟಿವ್‌ಗಳನ್ನು ಒಂದೂ ಎಸೆಯದೆ, ಮಗ ಸ್ಕೂಲಿಗೆ ಒಯ್ಯುತ್ತಿದ್ದ ಅಲ್ಯುಮಿನಿಯಂ ಪೆಟ್ಟಿಗೆಯಲ್ಲಿ ತುಂಬಿಟ್ಟಿದ್ದರು. ಅವರು ಮನೆ ಬದಲಿಸುವಾಗ ಆ ಪೆಟ್ಟಿಗೆ ಮಹಾಲಕ್ಷ್ಮಿ ಲೇಔಟಿನ ನಮ್ಮ ಮನೆಗೆ ಬಂತು. ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವಳು. ಬೆಳಕು, ಲೆನ್ಸು ಅಂದರೆ ಮೊದಲಿಂದಲೂ ಒಂದು ಸೆಳೆತ.

ಆ ನೆಗೆಟಿವ್‌ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಳ್ಳೋಣ ಅಂತ ಮೊದಲು ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಫ್ರೇಮಿಗೆ, ಅಂದರೆ ಫಿಲಂನ ಒಂದೊಂದು ಫೋಟೋಗೆ, ಇಷ್ಟು ಅಂತ ರೇಟು. "ಮೇಡಂ, ಚೆನ್ನಾಗಿರೋದಕ್ಕೆ ಟಿಕ್ ಹಾಕಿ ಕೊಡಿ, ಅದನ್ನ ಮಾತ್ರ ಮಾಡ್ತೀವಿ" ಅಂದರು. ಅವರ ಲೆಕ್ಕಕ್ಕೆ ಅದು ಸರಿಯೇ. ಆದರೆ ಆಲ್ಬಂ ಮಾಡುವಾಗ ಒಮ್ಮೆ ಆರಿಸಿ ಆಗಿದೆಯಲ್ಲ. ಅದೇ ಫೋಟೋಗಳನ್ನು ಇನ್ನೊಮ್ಮೆ ಆರಿಸುವುದಕ್ಕೆ ನೆಗೆಟಿವ್ ಯಾಕೆ ಬೇಕು? ಆಲ್ಬಂ ಸಾಕು. ನನಗೆ ಬೇಕಿದ್ದದ್ದು ಫಿಲಂ ಪಟ್ಟಿಯ ಮೊದಲ ಫ್ರೇಮಿನಿಂದ ಕೊನೆಯ ಫ್ರೇಮಿನವರೆಗೆ, ಮಸುಕಾದದ್ದೂ ಸೇರಿ, ಇದ್ದ ಕ್ರಮದಲ್ಲೇ. ಅಷ್ಟನ್ನೂ ಮಾಡಬೇಕೆಂದರೆ ಮನೆಯಲ್ಲೇ ಆಗಬೇಕು.

ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲೂ ಆಗುತ್ತದೆ. ಆದರೆ ಒಂದೊಂದು ಫ್ರೇಮಿಗೂ ನಿಮಿಷಗಟ್ಟಲೆ ಹಿಡಿಯುತ್ತದೆ. ಡಿಜಿಟಲ್ ಕ್ಯಾಮೆರಾದಲ್ಲಿ ನೆಗೆಟಿವಿನದೇ ಫೋಟೋ ತೆಗೆಯುವುದಾದರೆ ಪಟ್ಟಿ ಸರಿಸು, ಕ್ಲಿಕ್, ಸರಿಸು, ಕ್ಲಿಕ್. ಎಲ್ಲ ಜೋಡಿಸಿಟ್ಟ ಮೇಲೆ ಒಂದು ರೀಲ್ ಮುಗಿಸಲು ಕಾಲು ಗಂಟೆ ಸಾಕು.

ನನ್ನ ಹತ್ತಿರ ಇದ್ದದ್ದು ನಿಕಾನ್ ಡಿ7200, 24 ಮೆಗಾಪಿಕ್ಸೆಲ್. ಇದಕ್ಕಿಂತ ಹೊಸದು ಬೇಕಿಲ್ಲ. 35 ಎಂಎಂ ಫಿಲಂನ ಒಂದು ಫ್ರೇಮ್ ಅಂದರೆ 36 ಎಂಎಂ ಅಗಲ, 24 ಎಂಎಂ ಎತ್ತರ. ಅದನ್ನು 6000 ಪಿಕ್ಸೆಲ್ ಅಗಲಕ್ಕೆ ಹಿಡಿದರೆ ಇಂಚಿಗೆ 4000ಕ್ಕೂ ಜಾಸ್ತಿ ಬಿತ್ತು. ಕೈಯಲ್ಲಿ ಹಿಡಿದು ತೆಗೆದ ಮನೆ ಫೋಟೋಗಳಲ್ಲಿ ಅದಕ್ಕಿಂತ ಜಾಸ್ತಿ ವಿವರ ಇರುವುದೇ ಅಪರೂಪ. ಲೆನ್ಸ್ ಮಾತ್ರ ಮ್ಯಾಕ್ರೊ, ಅಂದರೆ ತೀರಾ ಹತ್ತಿರದಿಂದ ತೆಗೆಯುವಂಥದ್ದು, ಆಗಿರಲೇಬೇಕು. ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್ 55 ಎಂಎಂ ಮೈಕ್ರೊ ನಿಕ್ಕಾರ್, ಕೈಯಲ್ಲೇ ತಿರುಗಿಸಿ ಫೋಕಸ್ ಮಾಡುವ ಹಳೇ ಕಾಲದ್ದು. ಅದೊಂದೇ ಇದ್ದರೆ ವಸ್ತುವಿನ ಅರ್ಧದಷ್ಟು ಗಾತ್ರಕ್ಕೆ ಮಾತ್ರ ಚಿತ್ರ ಮೂಡುತ್ತದೆ. ನನ್ನ ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ 23.5 ಎಂಎಂ ಅಗಲ, ಹಾಗಾಗಿ ಫ್ರೇಮ್ ಪೂರ್ತಿ ತುಂಬಲು ಸುಮಾರು 0.65 ಪಟ್ಟು ಬೇಕು. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ 27.5 ಎಂಎಂ ಉದ್ದದ ಒಂದು ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿದರೆ ಅದೂ ಆಯಿತು. ಟ್ಯೂಬಿನೊಳಗೆ ಗಾಜಿಲ್ಲ, ಬರೀ ಟೊಳ್ಳು. ದುಬಾರಿಯಲ್ಲ.

ಜನ ಕ್ಯಾಮೆರಾ, ಲೆನ್ಸ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ನನ್ನ ಪ್ರಕಾರ ಈ ಕೆಲಸ ನಿಂತಿರುವುದು ಎರಡರ ಮೇಲೆ: ಬೆಳಕು ಮತ್ತು ಧೂಳು.

ಬೆಳಕು ಮೊದಲು. ನೆಗೆಟಿವ್ ಹಿಂದಿನಿಂದ ಬೆಳಕು ಬರಬೇಕು, ಎಲ್ಲ ಕಡೆ ಸಮವಾಗಿ, ಎಲ್ಲ ಬಣ್ಣ ಇರುವಂಥದ್ದು. ಮೊಬೈಲ್ ಅಥವಾ ಟ್ಯಾಬಿನ ಬಿಳಿ ಪರದೆ ಸಾಕು ಅಂತ ಕೆಲವರು ಹೇಳುತ್ತಾರೆ. ಕಷ್ಟ. ಮ್ಯಾಕ್ರೊ ಲೆನ್ಸಿಗೆ ಪರದೆಯ ಪಿಕ್ಸೆಲ್‌ಗಳೂ ಕಾಣುತ್ತವೆ, ಅದರ ಬೆಳಕಿನಲ್ಲಿ ಕೆಲವು ಬಣ್ಣ ಕಡಿಮೆಯೂ ಇರುತ್ತವೆ. ಎಸ್‌ಪಿ ರೋಡಿನಲ್ಲಿ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಲ್ಲಿ, ವಿಡಿಯೊದವರು ಬಳಸುವ ಪುಟ್ಟ ಎಲ್‌ಇಡಿ ಪ್ಯಾನೆಲ್ ಸಿಗುತ್ತದೆ. ಸಿಆರ್‌ಐ 95ಕ್ಕಿಂತ ಮೇಲಿರುವುದನ್ನು ಕೇಳಿ ತನ್ನಿ, ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವುದರ ಅಳತೆ ಅದು. ಅದರ ಮೇಲೆ ಒಂದಿಷ್ಟು ಜಾಗ ಬಿಟ್ಟು ಹಾಲುಬಿಳಿ ಅಕ್ರಿಲಿಕ್ ತುಂಡು ಇಟ್ಟರೆ ಬೆಳಕು ಸಮವಾಗಿ ಹರಡುತ್ತದೆ. ಬೋರ್ಡ್ ಮಾಡುವ ಅಂಗಡಿಯಲ್ಲಿ ಕತ್ತರಿಸಿ ಉಳಿದ ಚೂರುಗಳು ಬಿದ್ದಿರುತ್ತವೆ. ನನಗೆ ಅಂಗಡಿಯವರು ಸುಮ್ನೆ ಕೊಟ್ಟರು.

ಇನ್ನೊಂದು ವಿಷಯ. ಪ್ಯಾನೆಲನ್ನು ಪೂರ್ತಿ ಬೆಳಗಿಸಿ, ಮಂದ ಮಾಡಬೇಡಿ. ಎಷ್ಟೋ ಎಲ್‌ಇಡಿಗಳು ಮಂದವಾಗುವುದು ಬೆಳಕು ಕಡಿಮೆಯಾಗಿ ಅಲ್ಲ, ಕಣ್ಣಿಗೆ ಕಾಣದಷ್ಟು ಬೇಗ ಹತ್ತಿ ಆರಿ. ಕಣ್ಣು ಮೋಸ ಹೋಗುತ್ತದೆ, ಶಟರ್ ಹೋಗುವುದಿಲ್ಲ. ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಬರುತ್ತವೆ. ಇದಕ್ಕೆ ಚಿಕ್ಕಪ್ಪನ ಪೆಟ್ಟಿಗೆಯಲ್ಲೇ ಒಂದು ಉದಾಹರಣೆ ಸಿಕ್ಕಿತು. ಮನೆಗೆ ಟಿವಿ ಬಂದ ಹೊಸದರಲ್ಲಿ ಉಳಿದ ಫ್ರೇಮುಗಳನ್ನೆಲ್ಲ ಟಿವಿ ಮೇಲೆ ಖರ್ಚು ಮಾಡಿದ್ದಾರೆ. ಒಂದರಲ್ಲೂ ಪೂರ್ತಿ ಚಿತ್ರವಿಲ್ಲ. ಪರದೆಯ ಒಂದು ಭಾಗ ಬೆಳಗಿದೆ, ಉಳಿದದ್ದು ಕತ್ತಲು. ಹಳೇ ಟಿವಿಯಲ್ಲಿ ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ, ಸೆಕೆಂಡಿಗೆ 50 ಸಲ ಮೂಡುತ್ತಿತ್ತು. ಶಟರ್ ಅದಕ್ಕಿಂತ ಬೇಗ ಮುಚ್ಚಿದರೆ ಸಿಗುವುದು ಅಷ್ಟೇ. ನನ್ನ ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಫೋಟೋ ಬೇಕೇ?

ಕ್ಯಾಮೆರಾವನ್ನು ಟ್ರೈಪಾಡಿನ ನಡುಕಂಬಕ್ಕೆ ತಲೆಕೆಳಗಾಗಿ ಸಿಕ್ಕಿಸಿ, ಲೆನ್ಸ್ ನೆಲ ನೋಡುವ ಹಾಗೆ ನಿಲ್ಲಿಸಿದ್ದೇನೆ. ಲೆನ್ಸ್ ಮತ್ತು ಫಿಲಂ ಒಂದಕ್ಕೊಂದು ಸಮಾನಾಂತರವಾಗಿಲ್ಲದಿದ್ದರೆ ಒಂದು ಮೂಲೆ ಚುರುಕು, ಇನ್ನೊಂದು ಮೂಲೆ ಮಂಕು. ಸರಿ ಮಾಡಲು ಸುಲಭದ ಉಪಾಯ ಇದೆ. ಫಿಲಂ ಇರುವ ಜಾಗದಲ್ಲಿ ಒಂದು ಚಿಕ್ಕ ಕನ್ನಡಿ ಇಡಿ. ಕ್ಯಾಮೆರಾದಲ್ಲಿ ನೋಡಿ. ಲೆನ್ಸಿನ ಪ್ರತಿಬಿಂಬ ಚಿತ್ರದ ಸರಿಯಾಗಿ ನಡುವೆ ಕಂಡರೆ ಎರಡೂ ನೇರವಾಗಿವೆ ಅಂತ ಅರ್ಥ. ಸ್ಪಿರಿಟ್ ಲೆವೆಲ್ ಬೇಡ, ಮೇಜು ಸೊಟ್ಟಗಿದ್ದರೂ ಚಿಂತೆಯಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಕ್ಯಾಮೆರಾ ಸೆಟ್ಟಿಂಗ್: ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8. ಐಎಸ್‌ಒ 100. ಎಲ್ಲ ಮ್ಯಾನುಯಲ್, ಒಂದು ರೀಲ್ ಪೂರ್ತಿ ಒಂದೇ ಎಕ್ಸ್‌ಪೋಷರ್. ಲೈವ್ ವ್ಯೂನಲ್ಲಿ ದೊಡ್ಡದು ಮಾಡಿಕೊಂಡು ಮುಖದ ಮೇಲಲ್ಲ, ಫಿಲಂನ ಕಾಳಿನ ಮೇಲೆ, ಅಂದರೆ ಚಿತ್ರ ಮೂಡಿಸಿರುವ ಸಣ್ಣ ಸಣ್ಣ ಚುಕ್ಕೆಗಳ ಮೇಲೆ, ಫೋಕಸ್ ಮಾಡಿ. ಮೂಲ ಫೋಟೋನೇ ಅಲುಗಿದ್ದರೂ ಕಾಳು ಮಾತ್ರ ಚುರುಕಾಗಿರುತ್ತದೆ. ಕ್ಯಾಮೆರಾ ಮುಟ್ಟಿದ ಅಲುಗಾಟ ತಪ್ಪಿಸಲು ಟೈಮರ್ ಇಡಿ. ರೂಮಿನ ಲೈಟು, ಫ್ಯಾನು ಎರಡೂ ಆರಿಸಿ. ನಮ್ಮ ರಸ್ತೆಯಲ್ಲಿ ಹತ್ತು ಗಂಟೆಯವರೆಗೂ ಬಸ್ಸು ಓಡಾಡುವುದರಿಂದ ನಾನು ಅದಾದ ಮೇಲೆಯೇ ಕೂರುವುದು. ನಮ್ಮನೆಯವರು ಇದಕ್ಕೆ 'ನೈಟ್ ಶಿಫ್ಟ್' ಅಂತ ಹೆಸರಿಟ್ಟಿದ್ದಾರೆ.

ಫಿಲಂ ಹಿಡಿಯಲು ಕಪ್ಪು ಮೌಂಟ್ ಬೋರ್ಡಿನಲ್ಲಿ ಕಿಟಕಿ ಕತ್ತರಿಸಿಕೊಂಡೆ. ಕಿಟಕಿ ಫ್ರೇಮಿಗಿಂತ ಒಂದೆರಡು ಎಂಎಂ ದೊಡ್ಡದಿರಲಿ. ಅಂಚು ಪೂರ್ತಿ ಕಾಣಬೇಕು, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಫಿಲಂ ಮೇಲೆ ಗಾಜು ಇಡಬೇಡಿ. ಗಾಜೂ ಫಿಲಂನ ನುಣುಪು ಮೈಯೂ ತಾಗಿದ ಕಡೆ ಕಾಮನಬಿಲ್ಲಿನಂಥ ಉಂಗುರಗಳು ಏಳುತ್ತವೆ. ನ್ಯೂಟನ್ ಉಂಗುರ, ಸೆಕೆಂಡ್ ಪಿಯು ಪಾಠ ನೆನಪಿದೆಯಾ? ಸುರುಳಿ ಸುತ್ತಿಕೊಂಡ ಪಟ್ಟಿಗಳನ್ನು ಕವರ್ ಸಮೇತ ದಪ್ಪ ಪುಸ್ತಕದ ಕೆಳಗೆ ಕೆಲವು ದಿನ ಇಟ್ಟರೆ ನೇರವಾಗುತ್ತವೆ. ಫಿಲಂನ ಮಂಕು ಮೈ ಲೆನ್ಸ್ ಕಡೆಗಿಡುತ್ತೇನೆ, ಹೊಳಪು ಮೈಯಲ್ಲಿ ಲೆನ್ಸಿನದೇ ಪ್ರತಿಬಿಂಬ ಬೀಳುತ್ತದೆ. ಹೀಗೆ ತೆಗೆದ ಚಿತ್ರ ಎಡಬಲ ತಿರುಗಿರುತ್ತದೆ. ಕಂಪ್ಯೂಟರಿನಲ್ಲಿ ಮತ್ತೆ ತಿರುಗಿಸಬೇಕು. ತಿರುಗಿಸಿದ್ದೀನೋ ಇಲ್ಲವೋ ಅಂತ ಗೊತ್ತಾಗಲು ಹೆಂಗಸರ ಸೆರಗು ನೋಡಿದರೆ ಸಾಕು. ಎಲ್ಲರ ಸೆರಗೂ ಬಲ ಹೆಗಲ ಮೇಲಿದ್ದರೆ ಇನ್ನೂ ಉಲ್ಟಾ ಇದೆ.

ಇನ್ನು ಧೂಳು. ಬೆಂಗಳೂರಿನ ಧೂಳಿನ ಬಗ್ಗೆ ಬೆಂಗಳೂರಿನವರಿಗೇ ಹೇಳಬೇಕಾ? ವರ್ಷವಿಡೀ ಯಾರೋ ಏನೋ ಅಗೆಯುತ್ತಿರುತ್ತಾರೆ. ಕೆಲವು ಸ್ಕ್ಯಾನರುಗಳಲ್ಲಿ ಇನ್‌ಫ್ರಾರೆಡ್ ಬೆಳಕು ಬಿಟ್ಟು ಧೂಳನ್ನು ಗುರುತಿಸಿ ಅಳಿಸುವ ಸೌಕರ್ಯ ಇದೆ. ಬಣ್ಣದ ಫಿಲಂ ಇನ್‌ಫ್ರಾರೆಡನ್ನು ಹಾಗೇ ಬಿಡುತ್ತದೆ, ಧೂಳು ತಡೆಯುತ್ತದೆ, ಹಾಗಾಗಿ ಧೂಳಿನ ನಕ್ಷೆ ಸಿಕ್ಕಿಬಿಡುತ್ತದೆ. ಕ್ಯಾಮೆರಾದಲ್ಲಿ ಆ ಅನುಕೂಲ ಇಲ್ಲ. ಕಪ್ಪು ಬಿಳುಪು ಫಿಲಂಗಂತೂ ಸ್ಕ್ಯಾನರಿನಲ್ಲೂ ಅದು ನಡೆಯುವುದಿಲ್ಲ. ಅಲ್ಲಿರುವುದು ಬೆಳ್ಳಿ, ಬೆಳ್ಳಿಯೂ ಇನ್‌ಫ್ರಾರೆಡನ್ನು ತಡೆಯುತ್ತದೆ.

ಇದಕ್ಕೆ ಚಿಕ್ಕಪ್ಪನ ಕೊಡುಗೆ ಬಂತು. ವಾಚಿನೊಳಗಿನ ಧೂಳು ಊದುವ ರಬ್ಬರ್ ಬಲ್ಬು, ಒಂದು ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿ. "ಬಾಯಿಂದ ಮಾತ್ರ ಊದ್ಬೇಡ ಕಣಮ್ಮಾ, ಎಂಜಲು ಬಿದ್ರೆ ಮುಗೀತು" ಅಂತ ಎಚ್ಚರಿಕೆಯನ್ನೂ ಕೊಟ್ಟರು. ವಾಚಿಗೂ ಫಿಲಮ್ಮಿಗೂ ಇದೇ ನಿಯಮ. ಬಲ್ಬಿನಿಂದ ಎರಡು ಸಲ ಊದಿ, ಮೃದು ಬ್ರಷ್ಷಿನಿಂದ ಒಂದು ಸಲ ಸವರಿ, ಅಂಚು ಹಿಡಿದು ಒಳಗೆ ತಳ್ಳುವುದು. ಮಳೆಗಾಲದಲ್ಲಿ ಈ ಕೆಲಸ ಸಲೀಸು. ಚಳಿಗಾಲದ ಒಣಹವೆಯಲ್ಲಿ ಫಿಲಂ ಮೇಲೆ ವಿದ್ಯುತ್ ಕೂತು ಧೂಳನ್ನು ಕರೆದು ಕರೆದು ಅಂಟಿಸಿಕೊಳ್ಳುತ್ತದೆ.

ಮಳೆಗಾಲದ ಶಾಪವೂ ಇದೆ, ಬೂಷ್ಟು. ಕೆಲವು ಪಟ್ಟಿಗಳ ಮೇಲೆ ಜೇಡರ ಬಲೆಯಂತೆ ಹರಡಿತ್ತು. ಬೂಷ್ಟು ಹಿಡಿದ ಫಿಲಂ ಅನ್ನು ನೀರಿಗೆ ಹಾಕಬೇಡಿ. ಚಿತ್ರವನ್ನು ಹಿಡಿದಿಟ್ಟಿರುವ ಜಿಲೆಟಿನ್ ಪದರವನ್ನು ಅದು ತಿಂದಿರುತ್ತದೆ, ಅದು ನೀರಿನಲ್ಲಿ ಕರಗಿ, ಚಿತ್ರವೇ ಹೋಗಬಹುದು. ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಗೆ ತಾಗಿಸಿ ಮೆಲ್ಲಗೆ ಒರೆಸಿದರೆ ಬಹುಪಾಲು ಹೋಗುತ್ತದೆ. ಬೂಷ್ಟಿಲ್ಲದೆ ಬರೀ ಜಿಡ್ಡು, ಕೊಳೆ ಇದ್ದರೆ ತೊಳೆಯಬಹುದು. ಆದರೆ ಬೋರ್ ನೀರು ಬೇಡವೇ ಬೇಡ. ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದುಕೊಳ್ಳಿ. ಮತ್ತೆ, ಡಬ್ಬಿ ತೆಗೆದ ಕೂಡಲೇ ವಿನೆಗರ್ ವಾಸನೆ ಬಂದರೆ ಆ ರೀಲನ್ನು ಬೇರೆ ಇಟ್ಟು ಮೊದಲು ಅದನ್ನೇ ಮುಗಿಸಿ. ಅಸಿಟೇಟ್ ಫಿಲಂ ಒಳಗಿಂದಲೇ ಕೆಡಲು ಶುರುವಾಗಿದೆ ಅಂತ ಅದರ ಅರ್ಥ. ಶುರುವಾದ ಮೇಲೆ ನಿಲ್ಲುವುದಿಲ್ಲ.

ಕಪ್ಪು ಬಿಳುಪು ನೆಗೆಟಿವನ್ನು ಪಾಸಿಟಿವ್ ಮಾಡುವುದು ಮಕ್ಕಳಾಟ. ಬಣ್ಣದ್ದರದ್ದೇ ತಲೆನೋವು. ಬಣ್ಣದ ನೆಗೆಟಿವ್ ಪೂರ್ತಿ ಕಿತ್ತಳೆ ಬಣ್ಣಕ್ಕಿರುತ್ತದೆ, ಅಲ್ವಾ? ಅದು ಹಳೆಯದಾಗಿ ಬಂದ ಬಣ್ಣವಲ್ಲ, ಬೇಕೆಂದೇ ಹಾಕಿದ್ದು. ಫಿಲಂನಲ್ಲಿ ಮೂರು ಪದರ, ಮೂರು ಬಣ್ಣ. ಮೆಜೆಂಟಾ ಪದರ ಹಸಿರು ಬೆಳಕನ್ನು ಮಾತ್ರ ತಡೆಯಬೇಕು. ಆದರೆ ಜೊತೆಗೆ ಸ್ವಲ್ಪ ನೀಲಿಯನ್ನೂ ತಡೆದುಬಿಡುತ್ತದೆ. ಸಯಾನ್ ಪದರದ್ದೂ ಇಂಥದ್ದೇ ತಕರಾರು. ಈ ತಪ್ಪನ್ನು ಸರಿದೂಗಿಸಲು ಫಿಲಂ ಒಳಗೇ ಹಳದಿ, ಕೆಂಪು ಛಾಯೆ ಸೇರಿಸುತ್ತಾರೆ. ಎರಡೂ ಕೂಡಿ ಕಿತ್ತಳೆ. ಸುಮ್ನೆ ಚಿತ್ರ ಉಲ್ಟಾ ಮಾಡಿದರೆ ಎಲ್ಲರೂ ನೀಲಿಯಾಗುವುದು ಇದಕ್ಕೇ.

ಹಾಗಾಗಿ ಮೊದಲು ಏನೂ ಇಲ್ಲದ ಖಾಲಿ ಫಿಲಂನ ಬಣ್ಣ ಎಷ್ಟು ಅಂತ ಕಂಪ್ಯೂಟರಿಗೆ ತೋರಿಸಬೇಕು. ಕಿಟಕಿ ದೊಡ್ಡದಿರಲಿ ಅಂದದ್ದು ಇದಕ್ಕೂ ಹೌದು, ಫ್ರೇಮಿನ ಅಂಚಿನಲ್ಲಿ ಆ ಖಾಲಿ ಜಾಗ ಸಿಗುತ್ತದೆ. ನಾನು ಬಳಸುವುದು ಡಾರ್ಕ್‌ಟೇಬಲ್ ಅನ್ನುವ ಸಾಫ್ಟ್‌ವೇರ್, ಉಚಿತ. ಅದರಲ್ಲಿ ನೆಗಾಡಾಕ್ಟರ್ ಅಂತ ಇದಕ್ಕೆಂದೇ ಒಂದು ಭಾಗ ಇದೆ. ಅಂಚಿನ ಬಣ್ಣ ಆರಿಸಿ, ಕಪ್ಪು ಎಲ್ಲಿ ಬಿಳಿ ಎಲ್ಲಿ ಅಂತ ಹೇಳಿದರೆ ಮುಕ್ಕಾಲು ಕೆಲಸ ಆಯಿತು. ಒಂದು ಫ್ರೇಮಿಗೆ ಹೊಂದಿಸಿದ್ದನ್ನು ಅದೇ ರೀಲಿನ ಎಲ್ಲದಕ್ಕೂ ಅಂಟಿಸಬಹುದು. ಇದೆಲ್ಲ ಆಗಬೇಕಾದರೆ ಕ್ಯಾಮೆರಾದಲ್ಲಿ ಜೆಪೆಗ್ ಅಲ್ಲ, ಸೆನ್ಸರ್ ಹಿಡಿದದ್ದನ್ನು ಹಾಗೇ ಇಡುವ ರಾ ಫೈಲೇ ತೆಗೆದಿರಬೇಕು.

ಉಳಿದ ಕಾಲು ಭಾಗ ಬರೀ ಜಗಳ. ಹಳೇ ಫಿಲಂನ ಮೂರು ಬಣ್ಣಗಳೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಲೆಕ್ಕದಲ್ಲಿ ಸರಿಯಾದದ್ದು ಕಣ್ಣಿಗೆ ಸರಿ ಕಾಣುವುದಿಲ್ಲ. ಆಗ ನಮಗೆ ಗೊತ್ತಿರುವ ಬಣ್ಣ ಯಾವುದಾದರೂ ಫ್ರೇಮಿನಲ್ಲಿ ಇದೆಯಾ ಅಂತ ಹುಡುಕಬೇಕು. ರಾಜ್ಯೋತ್ಸವದ ರೀಲಿನಲ್ಲಿ ಕನ್ನಡ ಬಾವುಟ ಸಿಕ್ಕಿತು, ಹಳದಿ ಕೆಂಪು ಎರಡೂ ಒಟ್ಟಿಗೆ. ಅಂಚೆ ಡಬ್ಬದ ಕೆಂಪು ಇನ್ನೊಂದು ಆಧಾರ. ಬೂದು ಬಣ್ಣಕ್ಕೆ ಕಡಪ ಕಲ್ಲು. ಚಿಕ್ಕಪ್ಪನ ಮನೆ ಜಗಲಿಗೆ ಕಡಪ ಕಲ್ಲು ಹಾಸಿದ್ದು ನನ್ನ ಪುಣ್ಯ.

ಸ್ಕೂಟರಿನ ವಿಷಯದಲ್ಲಿ ಮಾತ್ರ ಒಮ್ಮತ ಬರಲಿಲ್ಲ. ವಿಜಯ್ ಸೂಪರ್, ಗೇಟಿನ ಪಕ್ಕ ನಿಂತಿದೆ. ನನ್ನ ಪರದೆಯಲ್ಲಿ ಅದು ನೀಲಿ. ಚಿಕ್ಕಪ್ಪನಿಗೆ ಕಳಿಸಿದೆ.

"ನನ್ನ ಗಾಡಿ ಹಸಿರು ಕಣಮ್ಮಾ. ನೀನೇನೋ ಮಾಡ್ಬಿಟ್ಟಿದ್ದೀಯ."

"ಚಿಕ್ಕಪ್ಪಾ, ಪಕ್ಕದಲ್ಲಿರೋ ಬಾಳೆಗಿಡ ಹಸಿರಾಗೇ ಇದೆಯಲ್ಲ. ಗಾಡಿನೂ ಹಸಿರು ಮಾಡಿದ್ರೆ ಗಿಡ ಹಳದಿ ಆಗುತ್ತೆ."

"ಆಗ್ಲಿ ಬಿಡು, ಬಾಳೆಗಿಡಕ್ಕೇನು ಆರ್‌ಸಿ ಬುಕ್ ಇದ್ಯಾ?"

ಆರ್‌ಸಿ ಬುಕ್ಕಿನಲ್ಲಿ ಗಾಡಿಯ ಬಣ್ಣ ಬರೆದಿರುತ್ತದೆ ಅಂತ ಅವರೇ ಹುಡುಕಿ ತೆಗೆದರು. ಅದರಲ್ಲಿ 'ಗ್ರೇ' ಅಂತಿದೆ. ಬರೆದವರಿಗೆ ಬಣ್ಣ ಕಾಣುತ್ತಿರಲಿಲ್ಲ ಅಂತ ಚಿಕ್ಕಪ್ಪನ ತೀರ್ಪು. ನಾನು ಬಾಳೆಗಿಡದ ಪರ.

ಈ ಗೇಟಿನ ಸಾಲು ಫ್ರೇಮುಗಳನ್ನು ರೀಲಿಂದ ರೀಲಿಗೆ ಒಟ್ಟಿಗೆ ಇಟ್ಟು ನೋಡಿದರೆ ಒಂದು ಬೀದಿ ಬೆಳೆಯುವುದು ಕಾಣುತ್ತದೆ. ಮೊದಲು ಎದುರಿಗೆ ಖಾಲಿ ಸೈಟು, ಅದರಾಚೆ ನೀಲಗಿರಿ ಮರಗಳು. ಆಮೇಲೆ ಪಾಯ. ಆಮೇಲೆ ಜಲ್ಲಿ ರಾಶಿ, ಅದರ ಮೇಲೆ ಮಲಗಿದ ನಾಯಿ. ಆಮೇಲೆ ಮನೆ, ಮನೆ ಮೇಲೆ ಟಿವಿ ಆಂಟೆನಾ. ಇದನ್ನು ಯಾರೂ ಬೇಕೆಂದು ತೆಗೆದದ್ದಲ್ಲ. ಬೇಕೆಂದು ತೆಗೆದ ಫೋಟೋಗಳಲ್ಲಿ ಬರೀ ನಾವಿದ್ದೇವೆ, ಗೋಡೆಗೆ ಬೆನ್ನು ಹಾಕಿ, ಕೈ ಕಟ್ಟಿಕೊಂಡು.

ಕೆಲವೊಮ್ಮೆ ಮನೆ ಮುಂದೆ ಮುಗಿಯದ ರೀಲನ್ನು ಲ್ಯಾಬಿಗೆ ಹೋಗುವ ದಾರಿಯಲ್ಲಿ ಮುಗಿಸಿದ್ದಾರೆ. ಮುಖ್ಯವಾದ ರೀಲುಗಳನ್ನು ಅವರು ಎಂಜಿ ರೋಡಿನ ಜಿ.ಕೆ. ವೇಲ್‌ಗೇ ಒಯ್ಯುತ್ತಿದ್ದರು. 1910ರಿಂದ ಇರುವ ಸ್ಟುಡಿಯೊ, ಚಿಕ್ಕಪ್ಪನಿಗೆ ಅದರ ಮೇಲೆ ಒಂದು ಗೌರವ. ಹಾಗಾಗಿ ಎಷ್ಟೋ ರೀಲುಗಳ ಕೊನೆಯ ಫ್ರೇಮಿನಲ್ಲಿ ಎಂಜಿ ರೋಡ್ ಇದೆ: ಮರದ ಸಾಲಿನ ಕಾಲುದಾರಿ, ಪ್ಲಾಝಾ ಥಿಯೇಟರ್, ಕೆಂಪು ಬಿಟಿಎಸ್ ಬಸ್ಸು. ಆ ಥಿಯೇಟರ್ ಹೋಗಿ ಮೆಟ್ರೊ ಬಂತು. ಅಲ್ಲಿ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ಕ್ಕೆ.

ಮದುವೆ ಫ್ರೇಮುಗಳಲ್ಲೂ ಹೊಸದು ಸಿಗುತ್ತದೆ. ಲ್ಯಾಬಿನ ಪ್ರಿಂಟ್ ನಾಲ್ಕೂ ಕಡೆ ಸ್ವಲ್ಪ ಸ್ವಲ್ಪ ಕತ್ತರಿಸಿಯೇ ಬರುತ್ತಿತ್ತು. ಅತ್ತೆಯ ಮದುವೆಯ ಒಂದು ಫೋಟೋವನ್ನು ಆಲ್ಬಂನಲ್ಲಿ ನೋಡಿ ನೋಡಿ ಬಾಯಿಪಾಠವಾಗಿತ್ತು. ನೆಗೆಟಿವಿನಲ್ಲಿ ಅದರ ಬಲ ಅಂಚಿಗೆ ಅಡುಗೆ ಭಟ್ಟರು ಸೌಟು ಹಿಡಿದು ನಿಂತು, ಧಾರೆಯನ್ನಲ್ಲ, ನೇರವಾಗಿ ಕ್ಯಾಮೆರಾವನ್ನು ನೋಡುತ್ತಿದ್ದಾರೆ. ಇಷ್ಟು ವರ್ಷ ಅವರು ಕತ್ತರಿಯ ಆಚೆ ಇದ್ದರು.

ಅಂಚಿನ ಇನ್ನೊಂದು ಉಪಯೋಗ, ಇಸವಿ ಹಿಡಿಯುವುದು. ಕಂಪನಿಯ ಹೆಸರು, ಫಿಲಂ ಹೆಸರು, ಫ್ರೇಮ್ ನಂಬರು ಎಲ್ಲ ತೂತುಗಳ ಪಕ್ಕ ಅಚ್ಚಾಗಿರುತ್ತದೆ. ಕಪ್ಪು ಬಿಳುಪಿನಲ್ಲಿ ಚಿಕ್ಕಪ್ಪ ಹಾಕಿದ್ದು ಆಗಿನ ಪೂರ್ವ ಜರ್ಮನಿಯ ಓರ್ವೊ, ಇಲ್ಲವೇ ಊಟಿಯ ಹಿಂದೂಸ್ತಾನ್ ಫೋಟೋ ಫಿಲಮ್ಸ್‌ನ 'ಇಂದು'. ಅಂಚಿನಲ್ಲಿ ಬಾರ್‌ಕೋಡಿನಂಥ ಗೆರೆಗಳಿದ್ದರೆ ಅದು 1983ರ ಈಚಿನದು, ಯಾವ ಫಿಲಂ ಅಂತ ಯಂತ್ರ ಓದುವ ಈ ಡಿಎಕ್ಸ್ ಗುರುತು ಶುರುವಾದದ್ದು ಆಗ. ಚಿತ್ರದೊಳಗೂ ಸುಳಿವು ಇರುತ್ತದೆ. ಎಂಜಿ ರೋಡಿನ ಒಂದು ಫ್ರೇಮಿನಲ್ಲಿ 'ಸಾರ್ಕ್' ಅಂತ ಬರೆದ ಬ್ಯಾನರ್ ಇದೆ. ಬೆಂಗಳೂರಲ್ಲಿ ದಕ್ಷಿಣ ಏಷ್ಯಾ ದೇಶಗಳ ಆ ಶೃಂಗಸಭೆ ನಡೆದದ್ದು 1986ರ ನವೆಂಬರಿನಲ್ಲಿ. ಕೊನೆಯ ಫ್ರೇಮಿನ ಇಸವಿ ಗೊತ್ತಾದರೆ ಅದೇ ಪಟ್ಟಿಯ ನಾಮಕರಣದ ಇಸವಿಯೂ ಗೊತ್ತಾಯಿತಲ್ಲ. ಆ ಮಗು ಈಗ ತನ್ನ ವಯಸ್ಸು ಎರಡು ವರ್ಷ ಕಡಿಮೆ ಹೇಳುವಂತಿಲ್ಲ.

ಫೈಲಿನ ಹೆಸರಿನಲ್ಲಿ ರೀಲ್ ನಂಬರ್, ಫ್ರೇಮ್ ನಂಬರ್ ಎರಡೇ ಹಾಕಿ. ಹೆಸರು, ಊರು, ಸಂಬಂಧ ಎಲ್ಲ ಬೇರೆ ಒಂದು ಎಕ್ಸೆಲ್ ಹಾಳೆಯಲ್ಲಿರಲಿ. ಯಾಕೆಂದರೆ ಅವು ಬದಲಾಗುತ್ತಲೇ ಇರುತ್ತವೆ. ಇವತ್ತು "ರಾಮನಗರದ ಮಾವ" ಅಂದವರನ್ನು ನಾಳೆ ಇನ್ನೊಬ್ಬರು "ಅಲ್ಲ, ಅವರ ತಮ್ಮ" ಅನ್ನುತ್ತಾರೆ. ಒಂದೊಂದು ರಾ ಫೈಲೂ ಸುಮಾರು 25 ಎಂಬಿ. 16 ಬಿಟ್ ಟಿಫ್ ಮಾಡಿದರೆ 140 ದಾಟುತ್ತದೆ. ಎಲ್ಲವನ್ನೂ ಟಿಫ್ ಮಾಡಬೇಡಿ, ರಾ ಇಟ್ಟುಕೊಂಡರೆ ಸಾಕು. ಎರಡು ಹಾರ್ಡ್ ಡಿಸ್ಕ್, ಎರಡೂ ಒಂದೇ ಮನೆಯಲ್ಲಿ ಬೇಡ. ನನ್ನದೊಂದು ತಂಗಿ ಮನೆಯಲ್ಲಿದೆ. ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ, ಫೋಟೋ ಅಂತ ಕಳಿಸಿದರೆ ಕುಗ್ಗಿಸಿಬಿಡುತ್ತದೆ. ನೆಗೆಟಿವ್‌ಗಳನ್ನು ಮಾತ್ರ ಎಸೆಯಬೇಡಿ. ನಾಳೆ ಇನ್ನೂ ಒಳ್ಳೆಯ ಕ್ಯಾಮೆರಾ ಬಂದರೆ ಮತ್ತೆ ತೆಗೆಯಬಹುದು.

ಪೆಟ್ಟಿಗೆಯ ತಳದಲ್ಲಿ ಇನ್ನೂ '120' ಅನ್ನುವ ಅಗಲ ಫಿಲಂನ ಕಟ್ಟೊಂದಿದೆ, ತಾತನ ಆಗ್ಫಾ ಕ್ಲಿಕ್ 3 ಕ್ಯಾಮೆರಾದ್ದು. ಅದರ ಫ್ರೇಮ್ 6 ಸೆಂಟಿಮೀಟರ್ ಚೌಕ. ನನ್ನ ಕಪ್ಪು ಬೋರ್ಡಿನ ಕಿಟಕಿ ಅದಕ್ಕೆ ಆಗುವುದಿಲ್ಲ, ಬೇರೆ ಕತ್ತರಿಸಬೇಕು. ಒಂದೇ ಕ್ಲಿಕ್‌ನಲ್ಲಿ ತೆಗೆದರೆ ಸೆನ್ಸರಿನ ಎರಡು ಬದಿ ಖಾಲಿ ಹೋಗುತ್ತದೆ, ಅದಕ್ಕೇ ಹತ್ತಿರದಿಂದ ಎರಡು ಭಾಗವಾಗಿ ತೆಗೆದು ಹೊಲಿಯಬೇಕು ಅಂತಿದ್ದೇನೆ. ಒಂದು ರೀಲಿಗೆ 12 ಫೋಟೋ ಮಾತ್ರ. ಬೆಳಕಿಗೆ ಹಿಡಿದು ನೋಡಿದೆ. ತಾತ ಸುಮ್ನೆ ಒಂದನ್ನೂ ಖರ್ಚು ಮಾಡಿದ ಹಾಗಿಲ್ಲ, ಎಲ್ಲದರಲ್ಲೂ ಜನರೇ. ಯಾರು ಅಂತ ಗೊತ್ತುಮಾಡಲು ಈ ಸಲ ಚಿಕ್ಕಪ್ಪನನ್ನೇ ನಮ್ಮನೆಗೆ ಕರೆಸಬೇಕು. ಬರುವಾಗ ಆರ್‌ಸಿ ಬುಕ್ ತರಬೇಡಿ ಅಂತ ಹೇಳಿದ್ದೇನೆ.